ವಿಸಾರಣೈ: ಏಟಿಗೆ ಹುಟ್ಟಿದ ತಪ್ಪೊಪ್ಪಿಗೆ

ವೆಟ್ರಿಮಾರನ್ ನಿರ್ದೇಶನದ ತಮಿಳು ಚಿತ್ರ ‘ವಿಸಾರಣೈ’ (2015) ಎಂದರೆ ವಿಚಾರಣೆ. ಆದರೆ ಅದರ ಮೊದಲರ್ಧದಲ್ಲಿ ಯಾರೂ ಏನನ್ನೂ ವಿಚಾರಿಸುವುದಿಲ್ಲ. ಗುಂಟೂರಿನ ಪೊಲೀಸರಿಗೆ ಬೇಕಾಗಿರುವುದು ಕಳ್ಳರಲ್ಲ, ಕಡತ ಮುಚ್ಚಲು ‘ಹೌದು, ನಾವೇ’ ಎನ್ನುವ ನಾಲ್ಕು ಬಾಯಿಗಳು. ಪಾರ್ಕಿನಲ್ಲಿ ಮಲಗುವ, ಕೇಳುವವರಿಲ್ಲದ ತಮಿಳು ಕೂಲಿಗಳು ಅದಕ್ಕೆ ಹೇಳಿ ಮಾಡಿಸಿದಂತಿದ್ದಾರೆ. ಮೊದಲು ಸಿಕ್ಕಿಬೀಳುವವನು ಅಫ್ಸಲ್. ಹೆಸರು ಕೇಳಿದೊಡನೆ ಪೊಲೀಸನ ಬಾಯಿಗೆ ಬರುವುದು ಉಗ್ರ ಸಂಘಟನೆಗಳ ಹೆಸರು. ಥಿಯೇಟರಿನಲ್ಲಿ ಕೆಲವರು ನಕ್ಕಿರಬಹುದು, ನಮಗಂತೂ ನಗು ಬರಲಿಲ್ಲ.

ಏಟು ತಪ್ಪಿಸಿಕೊಳ್ಳಲು ಮನುಷ್ಯ ಏನನ್ನೂ ಒಪ್ಪಿಕೊಂಡಾನು ಎಂಬುದು ಕಾನೂನಿಗೆ ಗೊತ್ತಿಲ್ಲದ್ದೇನಲ್ಲ. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಸಾಕ್ಷ್ಯವಾಗದು ಎಂದು 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಮು ಹೇಳಿತ್ತು. ಬ್ರಿಟಿಷರೇ ತಮ್ಮ ಪೊಲೀಸರನ್ನು ನಂಬಿರಲಿಲ್ಲ! 2024ರ ಜುಲೈಯಲ್ಲಿ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಇದನ್ನು ಉಳಿಸಿಕೊಂಡಿದೆ. ಈ ಬಾಗಿಲನ್ನು ತೆರೆದದ್ದು ಟಾಡಾ, ಆಮೇಲೆ ಪೋಟಾ. 2002ರ ಅಕ್ಷರಧಾಮ ದಾಳಿಯ ಮೊಕದ್ದಮೆಯಲ್ಲಿ ಇಂಥ ತಪ್ಪೊಪ್ಪಿಗೆಗಳೇ ಮುಖ್ಯ ಆಧಾರವಾದವು. ಮೂವರಿಗೆ ಗಲ್ಲು ಶಿಕ್ಷೆಯೂ ಆಯಿತು. 2014ರಲ್ಲಿ ಸುಪ್ರೀಂ ಕೋರ್ಟ್ ಅವನ್ನು ನಂಬಲಾಗದೆಂದು ಆರೂ ಮಂದಿಯನ್ನು ಖುಲಾಸೆ ಮಾಡಿತು. ಟಾಡಾ, ಪೋಟಾ ಹೋದವು. ಸಂಘಟಿತ ಅಪರಾಧ ತಡೆಗೆಂದು ಬಂದ ಕರ್ನಾಟಕದ 2000ದ ಕೋಕಾ ಕಾಯ್ದೆಯಲ್ಲಿ ಮಾತ್ರ ಎಸ್ಪಿ ದರ್ಜೆಯ ಅಧಿಕಾರಿಯ ಮುಂದಿನ ತಪ್ಪೊಪ್ಪಿಗೆ ಇಂದಿಗೂ ಸಾಕ್ಷ್ಯವೇ.

ಚಿತ್ರದ ಬಗ್ಗೆ ನಮ್ಮ ತಕರಾರು ನ್ಯಾಯಾಲಯದ ದೃಶ್ಯದಲ್ಲಿದೆ. ಕೂಲಿಗಳ ತಮಿಳನ್ನು ನ್ಯಾಯಾಧೀಶರಿಗೆ ತೆಲುಗಿನಲ್ಲಿ ತಿಳಿಸುವವರು, ಬೇರೊಂದು ಕೆಲಸಕ್ಕೆ ಅಲ್ಲಿಗೆ ಬಂದಿದ್ದ ತಮಿಳುನಾಡಿನ ಇನ್‌ಸ್ಪೆಕ್ಟರ್ ಮುತ್ತುವೇಲ್ (ಸಮುದ್ರಕನಿ). ಅವರು ಬಾರದಿದ್ದರೆ? ಆರೋಪಿಗೆ ವಕೀಲನೂ ದುಭಾಷಿಯೂ ಹಕ್ಕಿನಿಂದ ಸಿಗಬೇಕು, ಒಬ್ಬ ಅಧಿಕಾರಿಯ ಕರುಣೆಯಿಂದಲ್ಲ. ಚಿತ್ರ ಈ ಪ್ರಶ್ನೆಯ ಬಳಿ ನಿಲ್ಲದೆ ಮುಂದೆ ಓಡುತ್ತದೆ. ದ್ವಿತೀಯಾರ್ಧದಲ್ಲಿ ನಮ್ಮ ಕಿಶೋರ್ ನಟಿಸಿರುವ ಲೆಕ್ಕಪರಿಶೋಧಕ, ಅವನ ಹಿಂದಿನ ರಾಜಕಾರಣ ಕಥೆಯನ್ನು ಆವರಿಸಿಕೊಂಡು, ಕೂಲಿಗಳು ಠಾಣೆ ಗುಡಿಸುತ್ತಾ ಮೂಲೆಗೆ ಸರಿಯುತ್ತಾರೆ. ಕೇಳಬಾರದ್ದನ್ನು ಕೇಳಿಸಿಕೊಂಡದ್ದಕ್ಕೆ ಎನ್‌ಕೌಂಟರಿನಲ್ಲಿ ಸಾಯುತ್ತಾರೆ.

ಈ ಭಾಗ ನಿರ್ದೇಶಕರ ಸೇರ್ಪಡೆ. ಗುಂಟೂರಿನ ಲಾಕಪ್ಪಿನಲ್ಲಿ ನಿಜವಾಗಿ ಏಟು ತಿಂದ ಕೊಯಮತ್ತೂರಿನ ಆಟೋ ಚಾಲಕ ಎಂ. ಚಂದ್ರಕುಮಾರ್ ಬದುಕಿ ಊರಿಗೆ ಮರಳಿದರು. ಚಿತ್ರಕ್ಕೆ ಮೂಲವಾದ ‘ಲಾಕಪ್’ ಪುಸ್ತಕ ಬರೆದವರು ಅವರೇ.