ಬೆಳಗುವ ಬೋರ್ಡಿನಲ್ಲಿ ಒತ್ತಕ್ಷರಕ್ಕೆ ಜಾಗ ಎಲ್ಲಿ?

ಶಾಸನ ಓದುವವರಿಗೆ ಅಂಗಡಿ ಬೋರ್ಡಿನ ಗೊಡವೆ ಯಾಕೆ ಅಂತ ಕೆಲವರು ಕೇಳಬಹುದು. ನಾಲ್ಕು ಜನ ಓಡಾಡುವ ಜಾಗದಲ್ಲಿ, ದೂರದಿಂದಲೇ ಕಣ್ಣಿಗೆ ಬೀಳುವಂತೆ, ವರ್ಷಗಟ್ಟಲೆ ಉಳಿಯಲಿ ಅಂತ ದುಡ್ಡು ಕೊಟ್ಟು ಮಾಡಿಸುವ ಬರಹ ಅಂದರೆ ಶಾಸನವೂ ಅದೇ, ಬೋರ್ಡೂ ಅದೇ. ಕನ್ನಡದಲ್ಲಿ ಇಂಥ ಬರಹಕ್ಕೆ ಸುಮಾರು ಒಂದೂವರೆ ಸಾವಿರ ವರ್ಷದ ಚರಿತ್ರೆ ಇದೆ. ಇವತ್ತು ಊರಿನ ಬೀದಿಗಳಲ್ಲಿ ಆ ಕೆಲಸವನ್ನು ಮಾಡುತ್ತಿರುವುದು ಎಲ್‌ಇಡಿ ತುಂಬಿದ ಚಾನೆಲ್ ಲೆಟರುಗಳು. ಹಾಗಾಗಿ ಕಲ್ಲಿನ ಅಕ್ಷರವನ್ನು ನೋಡಿ ಪಳಗಿದ ಕಣ್ಣಿಂದ ಒಮ್ಮೆ ಈ ಬೆಳಕಿನ ಅಕ್ಷರಗಳನ್ನೂ ನೋಡಬೇಕು ಅನ್ನಿಸಿ ಈ ಬರಹ.

ನನ್ನ ತಕರಾರು ಏನು ಅಂತ ಮೊದಲೇ ಹೇಳಿಬಿಡುತ್ತೇನೆ. ಬೋರ್ಡಿನಲ್ಲಿ ಕನ್ನಡ ಎಷ್ಟಿದೆ ಅಂತ ಅಳೆಯೋದನ್ನು ಕಲಿತಿದ್ದೇವೆ, ಆದರೆ ಅದು ಓದೋಕೆ ಬರುತ್ತಾ ಅಂತ ಕೇಳುತ್ತಿಲ್ಲ. ಇಂಗ್ಲಿಷಿನ ದೊಡ್ಡಕ್ಷರಕ್ಕೆ ಅಂತ ರೂಪುಗೊಂಡ ಒಂದು ಕೆಲಸದ ಕ್ರಮವನ್ನು ಹಾಗೇ ಕನ್ನಡಕ್ಕೂ ಹಾಕುತ್ತಿದ್ದೇವೆ. ಪೆಟ್ಟು ಬೀಳುತ್ತಿರೋದು ಒತ್ತಕ್ಷರಕ್ಕೆ.

ಮೊದಲು ಅಳತೆಯ ವಿಷಯ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮಕ್ಕೆ 2024ರಲ್ಲಿ ಆದ ತಿದ್ದುಪಡಿಯ ಪ್ರಕಾರ ನಾಮಫಲಕದ ಶೇ. 60ರಷ್ಟು ಭಾಗ ಕನ್ನಡದಲ್ಲಿರಬೇಕು, ಅದೂ ಮೇಲ್ಭಾಗದಲ್ಲಿ. ಉದ್ದೇಶ ಒಳ್ಳೆಯದೇ. ಆದರೆ ಕನ್ನಡದ ಸಾಲು ಮೂರು ಅಂತಸ್ತಿನ ಮನೆ ಇದ್ದಂತೆ. ನಡುವೆ ಅಕ್ಷರದ ಮೈ, ಮೇಲೆ ತಲೆಕಟ್ಟು, ಗುಡಿಸು, ಏತ್ವ, ಕೆಳಗೆ ಒತ್ತು. ಇಂಗ್ಲಿಷಿನ ದೊಡ್ಡಕ್ಷರದ ಸಾಲು ಒಂದೇ ಅಂತಸ್ತು, ಎರಡು ಗೆರೆಗಳ ನಡುವೆ ಪೂರ್ತಿ ತುಂಬಿಕೊಂಡು ಕೂರುತ್ತದೆ.

ಒಂದು ಲೆಕ್ಕ ಹಾಕಿ ನೋಡಿ. ಬೋರ್ಡಿನ ಎತ್ತರ 4 ಅಡಿ, ಅಂದರೆ 48 ಇಂಚು ಅಂದುಕೊಳ್ಳಿ. ಶೇ. 60 ಅಂದರೆ ಹೆಚ್ಚುಕಮ್ಮಿ 29 ಇಂಚಿನ ಪಟ್ಟಿ ಕನ್ನಡಕ್ಕೆ, ಉಳಿದ 19 ಇಂಚು ಇಂಗ್ಲಿಷಿಗೆ. ಎರಡಕ್ಕೂ ಮೇಲೆ ಕೆಳಗೆ 3 ಇಂಚು ಖಾಲಿ ಬಿಟ್ಟರೆ ಕನ್ನಡಕ್ಕೆ 23, ಇಂಗ್ಲಿಷಿಗೆ 13 ಇಂಚು ಉಳಿಯುತ್ತೆ. ಕನ್ನಡದ ಆ 23ರಲ್ಲಿ ಒತ್ತು, ಗುಡಿಸು ಎಲ್ಲಕ್ಕೂ ಜಾಗ ಬಿಟ್ಟರೆ ಅಕ್ಷರದ ಮೈಗೆ ಸಿಗೋದು ಸುಮಾರು ಅರ್ಧ, 11 ಇಲ್ಲಾ 12 ಇಂಚು. ಅಕ್ಷರಶೈಲಿ ಬದಲಾದ ಹಾಗೆ ಇದು ಸ್ವಲ್ಪ ಆಚೀಚೆ ಆಗಬಹುದು. ಆದರೆ ಕಾಗದದ ಮೇಲೆ ಕನ್ನಡ ಗೆದ್ದಿರುತ್ತೆ, ರಸ್ತೆ ಆಚೆ ನಿಂತವನ ಕಣ್ಣಿಗೆ ಇಂಗ್ಲಿಷೇ ದೊಡ್ಡದಾಗಿ ಕಾಣುತ್ತೆ. ಕಣ್ಣು ಪಟ್ಟಿಯ ವಿಸ್ತೀರ್ಣ ನೋಡೋದಿಲ್ಲ, ಅಕ್ಷರದ ಮೈಯನ್ನು ನೋಡುತ್ತೆ.

ಈ ಇಕ್ಕಟ್ಟಿನಿಂದ ತಪ್ಪಿಸಿಕೊಳ್ಳೋಕೆ ಅನೇಕರು ಹಿಡಿಯುವ ದಾರಿ ಒತ್ತನ್ನು ಕುಗ್ಗಿಸೋದು. ಇದೇ ನನಗೆ ಸರಿ ಕಾಣದ ಸಂಗತಿ. ನಮ್ಮ ಹಳೆಯ ಶಾಸನಗಳಲ್ಲಿ ಒತ್ತು ಕುಗ್ಗಿದ ಅಕ್ಷರ ಅಲ್ಲ. ಕದಂಬರ, ಬಾದಾಮಿ ಚಾಲುಕ್ಯರ ಕಾಲದ ಬರಹ ನೋಡಿದವರಿಗೆ ಗೊತ್ತು, ಕೆಳಗಿನ ವ್ಯಂಜನ ಮೇಲಿನದಕ್ಕೆ ಹೆಚ್ಚುಕಮ್ಮಿ ಸರಿಸಮವಾಗಿ ನಿಲ್ಲುತ್ತದೆ. ರೇಫದ ಮುಂದಿನ ವ್ಯಂಜನವನ್ನು ಇಮ್ಮಡಿಸಿ, 'ಧರ್ಮ' ಅನ್ನುವಲ್ಲಿ 'ಧರ್ಮ್ಮ' ಅಂತ ಇನ್ನೊಂದು ಒತ್ತು ಸೇರಿಸಿಯೇ ಕೊರೆಯುತ್ತಿದ್ದರು. ಉಳಿಯ ಒಂದೊಂದು ಏಟಿಗೂ ಶ್ರಮ ಇದ್ದ ಕಾಲದಲ್ಲಿ ಒತ್ತನ್ನು ಉಳಿಸಿಕೊಂಡರು. ಜಾಗ ಸಾಲದಿದ್ದರೆ ಸಾಲನ್ನು ಕಲ್ಲಿನ ಪಕ್ಕದ ಮೈಗೆ ತಿರುಗಿಸುತ್ತಿದ್ದರು.

ಈಗ 'ಎಲೆಕ್ಟ್ರಾನಿಕ್ಸ್' ಅನ್ನುವ ಪದ ತಗೊಳ್ಳಿ. ಐದು ಮೈ, ಮೂರು ಒತ್ತು. ಮೈಗೆ ಅಂಟದೆ ನಿಂತ ಪ್ರತಿ ಒತ್ತೂ ಚಾನೆಲ್ ಲೆಟರ್ ಕೆಲಸದಲ್ಲಿ ಒಂದು ಬೇರೆ ಡಬ್ಬಿ. ಅದಕ್ಕೆ ಅದರದ್ದೇ ಲೋಹದ ಅಂಚು, ಅದರದ್ದೇ ಅಕ್ರಿಲಿಕ್ ಮುಖ, ಒಳಗೆ ಮಾಡ್ಯೂಲ್, ಹಿಂದೆ ವೈರಿಗೆ ತೂತು. ಒತ್ತು ತೀರಾ ಚಿಕ್ಕದಾದರೆ ಒಳಗೆ ಮಾಡ್ಯೂಲ್ ಕೂರುವಷ್ಟು ಅಗಲವೇ ಇರೋಲ್ಲ. ಆಗ ಬೆಳಕಿಲ್ಲದ ಬರೀ ಅಕ್ರಿಲಿಕ್ ತುಂಡನ್ನು ಒತ್ತಿನ ಜಾಗದಲ್ಲಿ ಅಂಟಿಸಿಬಿಡುವುದು ಸುಲಭದ ಉಪಾಯ. ಫಲಿತಾಂಶ ಏನಪ್ಪಾ ಅಂದರೆ, ಹಗಲು 'ವಸ್ತ್ರಾಲಯ' ಆಗಿದ್ದದ್ದು ಸಂಜೆ ಏಳಕ್ಕೆ ದೀಪ ಹಾಕಿದಾಗ 'ವಸಾಲಯ'. 'ಚಿನ್ನ' ಹೋಗಿ 'ಚಿನ'. ಸವೆದ ಕಲ್ಲಿನಲ್ಲಿ ಒತ್ತು ಅಳಿಸಿದ್ದರೆ ಸಂಪಾದಕರು ಚೌಕ ಕಂಸದೊಳಗೆ ಊಹೆಯ ಅಕ್ಷರ ಸೇರಿಸಿ ಓದುತ್ತಾರೆ. ನಿನ್ನೆ ಮೊನ್ನೆ ಹಾಕಿಸಿದ ಬೋರ್ಡಿಗೂ ಹಾಗೆ ಓದಬೇಕಾದ ಗತಿ ಬರಬಾರದು.

ಒತ್ತಿನ ನಂತರ ಬರೋದು ಹೊಟ್ಟೆ. 'ಪ'ಗೂ 'ಷ'ಗೂ ಇರುವ ವ್ಯತ್ಯಾಸ ಒಂದೇ ಒಂದು ಗೀಟು. ಅದಕ್ಕೇ ಮಕ್ಕಳಿಗೆ ಹೊಟ್ಟೆ ಸೀಳಿದ ಷ ಅಂತ ಹೇಳಿಕೊಡೋದು. 'ದ', 'ಧ', 'ಥ' ಮೂರನ್ನೂ ಬೇರೆ ಮಾಡೋದು ಕೆಳಗಿನ ಒಂದು ಸೀಳು, ನಡುವಿನ ಒಂದು ಚುಕ್ಕೆ. 'ಬ'ಗೂ 'ಭ'ಗೂ ಅಷ್ಟೇ. ಶಾಸನ ಓದುವವರಿಗೆ ಇಂಥ ಕಾಟ ಹೊಸದಲ್ಲ, ಕಲ್ಲು ಸವೆದಾಗ ಮೊದಲು ಮಾಯವಾಗೋದು ಇಂಥ ಸಣ್ಣ ಗೆರೆಗಳೇ. ಬೆಳಕಿನ ಅಕ್ಷರದಲ್ಲಿ ಸವೆಯುವ ಮೊದಲೇ ಅದು ಆಗುತ್ತದೆ. ಕತ್ತಲಲ್ಲಿ ಹೊಳೆಯುವ ಗೆರೆ ನಿಜವಾದ ಅಗಲಕ್ಕಿಂತ ದಪ್ಪ ಕಾಣುತ್ತೆ, ಅಕ್ಷರದ ಒಳಗಿನ ಖಾಲಿ ಜಾಗ ಅಷ್ಟೇ ಕಿರಿದಾಗುತ್ತೆ. 'ಮ', 'ವ', 'ಪ' ಅಕ್ಷರಗಳ ಉಂಗುರಗಳೆಲ್ಲ ತುಂಬಿಹೋಗಿ ಒಂದೊಂದೂ ಒಂದೊಂದು ಬೆಳಕಿನ ಉಂಡೆ.

ಬೋರ್ಡು ಮಾಡುವವರ ಹತ್ತಿರ ಒಂದು ಬಾಯಿಲೆಕ್ಕ ಇದೆ. 1 ಇಂಚು ಎತ್ತರದ ಅಕ್ಷರ 10 ಅಡಿ ದೂರದಿಂದ ಆರಾಮಾಗಿ ಓದೋಕಾಗುತ್ತೆ, 12 ಇಂಚಿನದು 120 ಅಡಿಯಿಂದ. ಇದು ಇಂಗ್ಲಿಷಿನ ದೊಡ್ಡಕ್ಷರ ನೋಡಿ ಮಾಡಿದ ಲೆಕ್ಕ. ಕನ್ನಡದಲ್ಲಿ ಇದನ್ನು ಒತ್ತು ಸೇರಿದ ಪೂರ್ತಿ ಎತ್ತರಕ್ಕೆ ಹಾಕಿದರೆ ಮೋಸ ಹೋಗುತ್ತೀರಿ, ಮೈಗೆ ಮಾತ್ರ ಹಾಕಬೇಕು. 12 ಇಂಚಿನ 'ಧ'ದಲ್ಲಿ ಆ ಸೀಳು ಒಂದು ಒಂದೂವರೆ ಇಂಚು ಇದ್ದರೆ ಹೆಚ್ಚು, ಓದುವ ಕಣ್ಣು ನಂಬಿರೋದು ಅದನ್ನೇ.

ಹಾಗಾದರೆ ಯಾವ ಬಗೆಯ ಬೆಳಕು ಕನ್ನಡಕ್ಕೆ ಒಗ್ಗುತ್ತೆ? ಇಲ್ಲಿ ಶಾಸನದ ಅನುಭವ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಕಲ್ಲಿನ ಅಕ್ಷರಕ್ಕೆ ಬಣ್ಣ ಇಲ್ಲ, ಅದು ಓದಿಗೆ ಸಿಗೋದು ನೆರಳಿನಿಂದ. ನಡುಮಧ್ಯಾಹ್ನ ನೆತ್ತಿಯ ಬಿಸಿಲಲ್ಲೋ ಎದುರಿನಿಂದ ಟಾರ್ಚ್ ಬಿಟ್ಟೋ ನೋಡಿದರೆ ಏನೂ ಕಾಣದ ಕಲ್ಲು, ಬದಿಯಿಂದ ಓರೆಬೆಳಕು ಬಿದ್ದ ಕೂಡಲೇ ಬಾಯಿಬಿಡುತ್ತದೆ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಶಾಸನಗಳ 3ಡಿ ಸ್ಕ್ಯಾನ್ ಮಾಡುತ್ತಿದ್ದಾರಲ್ಲ, ಅದರ ಲಾಭವೂ ಇದೇ, ಬೇಕಾದ ದಿಕ್ಕಿನಿಂದ ನೆರಳು ಬೀಳಿಸಿ ಓದಬಹುದು. ಮುಖವೆಲ್ಲ ಉರಿಯುವ ಅಕ್ಷರದಲ್ಲಿ ನೆರಳಿಗೆ ಜಾಗವೇ ಇಲ್ಲ.

ಅಕ್ಷರದ ಬೆನ್ನಿನಿಂದ ಬೆಳಕು ಬಿಟ್ಟು ಗೋಡೆಯನ್ನು ಬೆಳಗಿಸುವ ಬಗೆ ಇದೆ, ಬ್ಯಾಕ್‌ಲಿಟ್ ಅಂತಾರೆ. ಇದರಲ್ಲಿ ಅಕ್ಷರ ಕಪ್ಪಾಗಿ ಉಳಿದು ಸುತ್ತಲಿನ ಬಯಲು ಬೆಳಗುತ್ತದೆ. ಉಂಗುರದ ಒಳಗೂ ಸೀಳಿನ ಸಂದಿಯಲ್ಲೂ ಬೆಳಕು ಬಂದು ನಿಲ್ಲೋದರಿಂದ 'ಪ' 'ಷ' ಬೇರೆ ಬೇರೆಯಾಗಿಯೇ ಕಾಣುತ್ತವೆ. ಇದು ನಮ್ಮ ನಾಡಿಗೆ ಹೊಸ ಉಪಾಯವೂ ಅಲ್ಲ. ವಿಜಯಪುರದ ಇಬ್ರಾಹಿಂ ರೋಜಾದ ಕಿಟಕಿಗಳನ್ನು ನೋಡಿ. 17ನೇ ಶತಮಾನದ ಆ ಕಟ್ಟಡದಲ್ಲಿ ಜಾಲಂಧ್ರಗಳೇ ಅರಬ್ಬಿ ಅಕ್ಷರಗಳಿಂದ ಆಗಿವೆ. ಕಲ್ಲಿನ ಅಕ್ಷರ ಗಟ್ಟಿಯಾಗಿ ಉಳಿದಿದೆ, ನಡುವಿನ ಸಂದುಗಳಿಂದ ಬೆಳಕು ಒಳಗೆ ಬರುತ್ತದೆ. ಅಕ್ಷರವನ್ನು ಬೆಳಕಿನಿಂದ ತೋರಿಸಬೇಕಾದರೆ ಅಕ್ಷರವೇ ಹೊಳೆಯಬೇಕು ಅಂತ ಏನಿಲ್ಲ ಅನ್ನೋದನ್ನು ಆ ಶಿಲ್ಪಿಗಳು ನಾನೂರು ವರ್ಷದ ಹಿಂದೆಯೇ ಮಾಡಿ ತೋರಿಸಿದ್ದಾರೆ.

ಬ್ಯಾಕ್‌ಲಿಟ್‌ಗೂ ಷರತ್ತುಗಳಿವೆ. ಹಿಂದಿನ ಗೋಡೆ ತಿಳಿಬಣ್ಣದ್ದಾಗಿರಬೇಕು, ಹೊಳಪು ಇರಬಾರದು. ಪಾಲಿಶ್ ಮಾಡಿದ ಗ್ರಾನೈಟ್, ಮಿರಮಿರ ಎನ್ನುವ ಎಸಿಪಿ ಶೀಟ್ ಆದರೆ ಗೋಡೆ ಬೆಳಗೋದಿಲ್ಲ, ಒಳಗಿನ ಎಲ್‌ಇಡಿ ಚುಕ್ಕೆಗಳೇ ಕನ್ನಡಿಯಲ್ಲಿ ಕಂಡ ಹಾಗೆ ಕಾಣುತ್ತವೆ. ಅಕ್ಷರ ಗೋಡೆಯಿಂದ ಸ್ವಲ್ಪ ಮುಂದೆ ನಿಲ್ಲಬೇಕು. ತೀರಾ ಅಂಟಿದ್ದರೆ ಬೆಳಕು ಹರಡೋದಿಲ್ಲ, ತೀರಾ ದೂರ ಇದ್ದರೆ ಅಂಚು ಮಸುಕಾಗುತ್ತೆ. ಎದುರಿಗೆ ಜೋರು ಬೀದಿದೀಪ ಇರುವ ಗದ್ದಲದ ರಸ್ತೆಯಲ್ಲಿ ಬ್ಯಾಕ್‌ಲಿಟ್ ಸೋಲಬಹುದು, ಅಲ್ಲಿ ಮುಖ ಬೆಳಗುವ ಅಕ್ಷರವೇ ಬೇಕಾದೀತು. ಹಾಗಿದ್ದಾಗ ಅಕ್ಷರಶೈಲಿಯನ್ನು ನೋಡಿ ಆರಿಸಿ. ಒಡಲು ಅಗಲವಾಗಿರುವ, ಉಂಗುರ ದೊಡ್ಡದಿರುವ ಶೈಲಿ ಬೇಕು. ಬಲೂ ತಮ್ಮ 2, ಅನೇಕ್ ಕನ್ನಡ ಇವೆರಡೂ ಉಚಿತವಾಗಿ, ಹಲವು ದಪ್ಪಗಳಲ್ಲಿ ಸಿಗುತ್ತವೆ. ಅತಿ ದಪ್ಪದ್ದನ್ನು ಬಿಟ್ಟು ಒಂದೆರಡು ಮೆಟ್ಟಿಲು ಕೆಳಗಿನದನ್ನು ಹಿಡಿದರೆ ರಾತ್ರಿ ಹೊತ್ತು ಸರಿಯಾಗಿ ಕಾಣುತ್ತೆ. ಬೆಳಕನ್ನು ತಗ್ಗಿಸುವ ಡಿಮ್ಮರ್ ಕೇಳಿ ಹಾಕಿಸಿಕೊಳ್ಳಿ. ಹೆಚ್ಚು ಉರಿದಷ್ಟೂ ಹೆಚ್ಚು ಓದಿಸುತ್ತೆ ಅನ್ನೋದು ಕನ್ನಡದ ಮಟ್ಟಿಗಂತೂ ತಪ್ಪು.

ಕೊನೆಗೆ, ಈ ಕೆಲಸಕ್ಕೆ ಹೊಣೆ ಯಾರು ಅನ್ನೋ ಪ್ರಶ್ನೆ. ತಾಳಗುಂದದ ಸ್ತಂಭಶಾಸನದಲ್ಲಿ ಕವಿ ಕುಬ್ಜ ತನ್ನ ಕಾವ್ಯವನ್ನು ಕಲ್ಲಿನ ಮೇಲೆ ತಾನೇ ಬರೆದೆ ಅಂತ ಹೇಳಿಕೊಂಡಿದ್ದಾನೆ. ಆಮೇಲಿನ ಎಷ್ಟೋ ಶಾಸನಗಳ ಕೊನೆಯಲ್ಲಿ ರಚಿಸಿದವನು, ಬರೆದವನು, ಕಂಡರಿಸಿದ ರೂವಾರಿ ಎಲ್ಲರ ಹೆಸರೂ ಸಿಗುತ್ತವೆ. ತಪ್ಪಾದರೆ ಯಾರ ಕೈ ಅಂತ ಗೊತ್ತಾಗುತ್ತಿತ್ತು, ಚೆಂದ ಇದ್ದರೆ ಯಾರ ಕೈ ಅಂತಲೂ ಗೊತ್ತಾಗುತ್ತಿತ್ತು. ಇವತ್ತಿನ ಬೋರ್ಡು ನಾಲ್ಕೈದು ಕೈ ದಾಟಿ ಬರುತ್ತೆ. ಹೆಸರನ್ನು ವಾಟ್ಸ್ಆಪಲ್ಲಿ ಕಳಿಸುವವರೊಬ್ಬರು, ಟೈಪ್ ಮಾಡುವವರು ಇನ್ನೊಬ್ಬರು, ಕತ್ತರಿಸೋದು ಯಂತ್ರ, ಜೋಡಿಸೋದು ಏಣಿ ಹತ್ತಿದ ಹುಡುಗರು. ಎಷ್ಟೋ ಸಲ ಇವರಲ್ಲಿ ಒಬ್ಬರಿಗೂ ಕನ್ನಡ ಓದೋಕೆ ಬರೋಲ್ಲ. ಅದು ಅವರ ತಪ್ಪಲ್ಲ, ಕರಡು ನೋಡದೆ ಒಪ್ಪಿಗೆ ಕೊಟ್ಟ ನಮ್ಮದು.

ವಿನ್ಯಾಸದ ತಂತ್ರಾಂಶದಲ್ಲಿ ಭಾರತೀಯ ಲಿಪಿಗಳ ಜೋಡಣೆಯ ಆಯ್ಕೆ ಆನ್ ಆಗಿರದಿದ್ದರೆ ಯೂನಿಕೋಡ್ ಕನ್ನಡ ಒಡೆದುಹೋಗಿ 'ವಸ್‌ತ್‌ರಾಲಯ' ಆಗುತ್ತದೆ. ಹಳೆಯ ನುಡಿ ಅಕ್ಷರಗಳಿಂದ ಯೂನಿಕೋಡಿಗೆ ತರುವಾಗ ಅರ್ಕಾವತ್ತು ತಪ್ಪು ಅಕ್ಷರಕ್ಕೆ ಹೋಗಿ ಅಂಟಿಕೊಳ್ಳುವುದುಂಟು. ಪರದೆಯ ಮೇಲೆ ತಿದ್ದೋಕೆ ಒಂದು ನಿಮಿಷ ಸಾಕು. ಲೋಹ ಕತ್ತರಿಸಿದ ಮೇಲೆ ತಿದ್ದಿಸೋಕೆ ಹೊಸ ಬಿಲ್ಲು ಬರುತ್ತೆ ಅಂತ ಬಹಳ ಜನ ಹಾಗೇ ಬಿಟ್ಟುಬಿಡುತ್ತಾರೆ, ಆ ತಪ್ಪು ಬೋರ್ಡು ಇರುವಷ್ಟು ವರ್ಷವೂ ಉರಿಯುತ್ತಿರುತ್ತೆ.

ಈ ಬರಹ ಓದುವ ನಿಮ್ಮಲ್ಲಿ ಅಂಗಡಿ ಇಟ್ಟವರು ಕೆಲವರಿರಬಹುದು, ಅಂಗಡಿ ಇಟ್ಟ ನೆಂಟರಿಷ್ಟರು ಇದ್ದವರಂತೂ ಎಲ್ಲರೂ. ಬೋರ್ಡು ಮಾಡಿಸುವ ಸುದ್ದಿ ಕಿವಿಗೆ ಬಿದ್ದರೆ ಸುಮ್ಮನಿರಬೇಡಿ. ಹೆಸರನ್ನು ನಿಜ ಅಳತೆಯಲ್ಲಿ ಪ್ರಿಂಟ್ ಹಾಕಿಸಿ ಅದೇ ಜಾಗದಲ್ಲಿ ಅಂಟಿಸಿ, ರಸ್ತೆ ಆಚೆ ಹೋಗಿ ನಿಂತು ಓದಿ. ಪ್ರತಿ ಒತ್ತಿಗೂ ಬೆಳಕು ಇದೆಯಾ ಅಂತ ಕೊಟೇಶನ್ನಿನಲ್ಲೇ ಬರೆಸಿಕೊಳ್ಳಿ. ಕೊಟೇಶನ್ ಇಂಚಿನ ಲೆಕ್ಕದಲ್ಲಿದ್ದರೆ ಆ ಇಂಚು ಮೈಯದೋ, ಒತ್ತು ಸೇರಿದ್ದೋ ಅಂತ ಕೇಳಿ. ಕತ್ತರಿಸುವ ಮುಂಚೆ ಕರಡನ್ನು ಕನ್ನಡ ಚೆನ್ನಾಗಿ ಬಲ್ಲ ಇಬ್ಬರಿಗೆ ತೋರಿಸಿ. ಜಾಗ ಸಾಲದಿದ್ದರೆ ಇಂಗ್ಲಿಷಿನ ಸಾಲು ಚಿಕ್ಕದಾಗಲಿ, ಇಲ್ಲವೇ ಹೆಸರಿನ ಜೊತೆಗಿನ 'ಅಂಡ್ ಸನ್ಸ್', 'ಎಂಟರ್‌ಪ್ರೈಸಸ್' ಹೋಗಲಿ, ಒತ್ತು ಹೋಗೋದು ಬೇಡ. ಬೋರ್ಡು ಬಂದ ಮೇಲೆ ಕತ್ತಲಾಗುವ ತನಕ ಕಾದು, ದೀಪ ಹಾಕಿಸಿ ಓದಿ ನೋಡಿ, ಉಳಿದ ದುಡ್ಡು ಅದಾದ ಮೇಲೆ ಕೊಡಿ.