ಹಸಿವಿಗೆಂದು ಕೂಡಿಟ್ಟ ಪ್ಲಾಸ್ಟಿಕ್

ಮಣ್ಣಲ್ಲಿ ಕರಗುವ ಪಾಲಿಮರ್ ತಯಾರಿಸುವ ದಾರಿಗಳಲ್ಲಿ ನನ್ನ ಮೆಚ್ಚುಗೆ ಬ್ಯಾಕ್ಟೀರಿಯಾಕ್ಕೇ ಸಲ್ಲುತ್ತದೆ. ಪಾಲಿಲ್ಯಾಕ್ಟಿಕ್ ಆಮ್ಲವನ್ನೇ ನೋಡಿ: ಮೆಕ್ಕೆಜೋಳದ ಸಕ್ಕರೆ ಹುಳಿಸಿ ಪಡೆದ ಲ್ಯಾಕ್ಟಿಕ್ ಆಮ್ಲವನ್ನು ನೇರವಾಗಿ ಬೆಸೆಯಹೊರಟರೆ, ಹೊರಬೀಳುವ ನೀರೇ ಸರಪಳಿಯನ್ನು ಉದ್ದ ಬೆಳೆಯಗೊಡದು. ಹಾಗಾಗಿ ಮೊದಲು ಲ್ಯಾಕ್ಟೈಡ್ ಎಂಬ ಉಂಗುರ ಕಟ್ಟಿ, ಆಮೇಲೆ ತವರದ ವೇಗವರ್ಧಕದಿಂದ ಅದನ್ನು ಬಿಡಿಸಿ ಪೋಣಿಸುತ್ತಾರೆ. ಜಾಣತನವೇನೋ ಹೌದು, ಆದರೆ ಸುತ್ತುಬಳಸು. ಬ್ಯಾಕ್ಟೀರಿಯಾ ಈ ಉಸಾಬರಿಗೇ ಹೋಗುವುದಿಲ್ಲ. 1926ರಲ್ಲಿ ಪ್ಯಾರಿಸ್ಸಿನ ಪಾಸ್ಚರ್ ಸಂಸ್ಥೆಯ ಮೋರಿಸ್ ಲೆಮ್ವಾನ್ ಗುರುತಿಸಿದ ಪಾಲಿಹೈಡ್ರಾಕ್ಸಿಬ್ಯುಟಿರೇಟ್ ಎಂಬ ಪಾಲಿಮರ್ ಅದರ ಪಾಲಿಗೆ ನಮ್ಮ ಕೊಬ್ಬಿನಂಥ ದಾಸ್ತಾನು. ಸಾರಜನಕ ಕಡಿಮೆಯಾಗಿ ಸಕ್ಕರೆ ಹೇರಳವಾಗಿದ್ದಾಗ ಕೆಲವು ಬಗೆಗಳು ಒಣತೂಕದ ಶೇ. 80ರಷ್ಟನ್ನು ಇದರಿಂದಲೇ ತುಂಬಿಕೊಳ್ಳುತ್ತವೆ, ಅದೂ ಸುಮಾರು 30 ಡಿಗ್ರಿಯ ಉಗುರುಬೆಚ್ಚಗಿನ ನೀರಿನಲ್ಲಿ!

ಇದು ಬೇಗ ಮುರಿಯುತ್ತದೆ ಎಂಬ ದೂರು ನಿಜ; ಆದರೆ ಆಹಾರಕ್ಕೆ ಪ್ರೊಪಿಯಾನಿಕ್ ಆಮ್ಲ ಬೆರೆಸಿದರೆ ಅದೇ ಜೀವಿ ವ್ಯಾಲರೇಟ್ ಕೊಂಡಿಗಳನ್ನೂ ಸೇರಿಸಿ, ಬಾಗುವ ಪಾಲಿಮರ್ ಹೆಣೆಯುತ್ತದೆ. ದುಬಾರಿ ಎಂಬುದೂ ನಿಜ. ಕೋಶ ಒಡೆದು ಸರಕು ಹೊರತೆಗೆಯುವುದೂ ದೊಡ್ಡ ಖರ್ಚು. ಅದಕ್ಕೆ ಕ್ಲೋರೋಫಾರ್ಮ್ ಬಳಸಿದರಂತೂ ಹಸಿರಿನ ಹೆಮ್ಮೆ ಅರ್ಧ ಇಳಿಯಿತು. ಆದರೆ ಬೆಲೆಯನ್ನು ಅಂಗಡಿಯಲ್ಲಷ್ಟೇ ಅಳೆದರೆ ಸಾಲದು. ಪಾಲಿಲ್ಯಾಕ್ಟಿಕ್ ಆಮ್ಲ ಬೇಗ ಕೊಳೆಯಲು 60 ಡಿಗ್ರಿಯಷ್ಟು ಕಾವಿನ ಕಾಂಪೋಸ್ಟ್ ಬೇಕು. ಬ್ಯಾಕ್ಟೀರಿಯಾದ ಪಾಲಿಮರನ್ನು ತೋಟದ ಮಣ್ಣಿನ, ಕಡಲ ನೀರಿನ ಸೂಕ್ಷ್ಮಜೀವಿಗಳೇ ತಿಂದು ಮುಗಿಸುತ್ತವೆ.