ಆಯಿಲ್ ನೋಡಿಯೇ ಹೇಳುವವರು

ಮಲ್ಪೆ ಬಂದರಿನಲ್ಲಿ ಹಳೆಯ ಟ್ರಾಲ್ ಬೋಟುಗಳ ಎಂಜಿನ್ ನೋಡುವ ಮೆಕ್ಯಾನಿಕ್‌ಗಳ ಕೆಲಸ ಕಂಡಾಗಲೆಲ್ಲ ನನಗೆ ಕೈಮುಗಿಯಬೇಕೆನಿಸುತ್ತದೆ. ಮೊದಲು ಡಿಪ್‌ಸ್ಟಿಕ್ ಎಳೆಯುತ್ತಾರೆ. ಕಪ್ಪಗಿರಬೇಕಾದ ಆಯಿಲ್ ಹಾಲು ಹೆಚ್ಚಾದ ಚಹಾದಂತೆ ಕಂಡರೆ, ಸುರಿಯದೆಯೇ ಅದರ ಮಟ್ಟ ಏರಿದ್ದರೆ, ನೀರು ಸೇರಿರುವ ಗುಮಾನಿ. ಆದರೂ ಅವಸರಪಡುವುದಿಲ್ಲ. ರಾತ್ರಿಯಿಡೀ ಎಂಜಿನ್ ನಿಂತ ಮೇಲೆ ಸಂಪಿನ ಡ್ರೈನ್ ಬೋಲ್ಟನ್ನು ತುಸುವೇ ಸಡಿಲಿಸುತ್ತಾರೆ. ಆಯಿಲಿಗಿಂತ ಭಾರವಾದ ನೀರು ತಳದಲ್ಲಿದ್ದರೆ ಅದೇ ಮೊದಲು ಜಿನುಗುತ್ತದೆ. ಪೂರ್ತಿ ಕಲೆತುಹೋಗಿದ್ದರೆ ಕಾದ ತಗಡಿನ ಮೇಲೆ ಒಂದು ಹನಿ ಬಿಟ್ಟರಾಯಿತು, ಚಟಪಟ ಸದ್ದೇ ಸಾಕ್ಷಿ.

ನಿಜವಾದ ಜಾಣ್ಮೆ ಇರುವುದು ಇದರ ಮುಂದೆ. ಆಯಿಲ್ ಸುರಿಯುವ ಮುಚ್ಚಳದಡಿ ಮಾತ್ರ ತೆಳು ನೊರೆಯಿದ್ದರೆ ಅದು ಬರಿಯ ತೇವವಿರಬಹುದು. ಎಂಜಿನ್ ಚೆನ್ನಾಗಿ ಬಿಸಿಯಾದರೆ ಆರೀತು. ಕೂಲಂಟ್ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್, ಲೈನರ್ ಸೀಲುಗಳ ಮೇಲೆ ಕಣ್ಣು. ತಳದಿಂದ ಇಳಿಸಿದ ನೀರು ಆರಿ ಉಪ್ಪಿನ ಕಲೆ ಉಳಿಸಿದರೆ ಅದು ಕಡಲನೀರು. ಆಗ ಆಯಿಲ್ ಕೂಲರ್, ನೀರಿನ ಪಂಪಿನ ಸೀಲ್, ಎಕ್ಸಾಸ್ಟ್ ಒಂದೊಂದಾಗಿ ಪರೀಕ್ಷೆಗೆ ಬರುತ್ತವೆ.

ಉಪ್ಪುನೀರು ಬೇರಿಂಗುಗಳನ್ನು ಬಲುಬೇಗ ಹಾಳುಮಾಡುತ್ತದೆ. ಕಾರಣ ಸಿಗುವವರೆಗೂ ಬರಿದೇ ಆಯಿಲ್ ಬದಲಿಸಿ ಕಳಿಸಲು ಒಪ್ಪದ ಈ ಹಟವೇ ಕಡಲಿಗಿಳಿಯುವವರಿಗೆ ದೊಡ್ಡ ರಕ್ಷೆ.